ಶರೀರ ನಮ್ಮದು, ಶಾರೀರ ಯಾರದ್ದು?



ಸ್ವಲ್ಪ ಉದ್ದದ ಬರಹ. ಪುರುಸೊತ್ತು ಮಾಡಿಕೊಂಡು ಪೂರ್ತಿ ಓದಿ. ಆಮೇಲೆ ಬೈಯೋದಿದ್ದರೆ ಬೈಯಿರಿ.

ಹಬ್ಬ ಬಂದರೆ ಟಿವಿಯಲ್ಲಿ ವಿಶೇಷ ಸಂಗೀತ ಕಾರ್ಯಕ್ರಮ ಬರುತ್ತಲ್ಲ, ಅದನ್ನ ಗಮನಿಸಿ ನೋಡಿ. ಗಿಟಾರ್ ಹಿಡಿದವನ ಗಿಟಾರಿಗೆ ವೈರೇ ಇರಲ್ಲ. ಡ್ರಮ್ಸ್ ಬಾರಿಸುವವನ ಕಡ್ಡಿ ಇನ್ನೂ ಮೇಲಿರುವಾಗಲೇ ಸದ್ದು ಬಂದುಬಿಟ್ಟಿರುತ್ತೆ. ಹಾಡುವವರ ತುಟಿ ಒಂದು ದಾರಿ, ಹಾಡು ಇನ್ನೊಂದು ದಾರಿ. ಮೊದಲೇ ರೆಕಾರ್ಡ್ ಆದ ಟ್ರ್ಯಾಕ್ ಓಡ್ತಿರುತ್ತೆ, ಮುಂದೆ ನಿಂತವರು ಅಭಿನಯ ಮಾಡ್ತಿರ್ತಾರೆ. ನಾವು ನಗ್ತೀವಿ, ಚಾನೆಲ್ ಬದಲಾಯಿಸ್ತೀವಿ. ಆದರೆ ಇದರ ಹಿಂದೆ ಎಂಬತ್ತು ವರ್ಷಗಳ ಒಂದು ಕೂಲಿ ಜಗಳದ ಚರಿತ್ರೆ ಇದೆ. ಅದರಲ್ಲಿ ನಮಗೂ ಒಂದು ಪಾಲಿದೆ. ಅದನ್ನ ಹೇಳೋಕೆ ಈ ಬರಹ.

ಮೊದಲು ನಮ್ಮೂರಿಂದಲೇ ಶುರು ಮಾಡೋಣ. 1935ರಲ್ಲಿ ಮೈಸೂರಿನ ಮನಃಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ರೇಡಿಯೊ ಕೇಂದ್ರ ಶುರು ಮಾಡಿದರು. 'ಆಕಾಶವಾಣಿ' ಅನ್ನೋ ಹೆಸರು ಅಲ್ಲಿಂದಲೇ ದೇಶಕ್ಕೆಲ್ಲ ಹೋಯಿತು. ಆಗಿನ ರೇಡಿಯೊ ಅಂದರೆ ಹಾಡುಗಾರ ಮೈಕಿನ ಮುಂದೆ ಕೂತು ಹಾಡಬೇಕು, ತಪ್ಪಿದರೆ ತಪ್ಪೂ ಊರಿಗೆಲ್ಲ ಕೇಳಬೇಕು. ಸಿನಿಮಾದ್ದೂ ಅದೇ ಕಥೆ. 1934ರಲ್ಲಿ 'ಸತಿ ಸುಲೋಚನ' ಬಂದಾಗ ನಟನಟಿಯರು ಕ್ಯಾಮೆರಾ ಮುಂದೆ ತಾವೇ ಹಾಡಬೇಕಿತ್ತು. ಹಾಡೋಕೆ ಬಂದವರಿಗೇ ನಾಯಕನ ಪಾತ್ರ ಸಿಗ್ತಿತ್ತು.

ಆಮೇಲೆ ಹಿನ್ನೆಲೆ ಗಾಯನ ಬಂತು. ಹಾಡುವವರು ಬೇರೆ, ತುಟಿ ಆಡಿಸುವವರು ಬೇರೆ ಆದರು. ರಾಜ್‌ಕುಮಾರ್ ಅವರಿಗೆ ಬಹಳ ವರ್ಷ ಪಿ.ಬಿ. ಶ್ರೀನಿವಾಸ್ ಹಾಡಿದರು. ಇವರದು ಶರೀರ, ಅವರದು ಶಾರೀರ ಅಂತ ಮಾತೇ ಹುಟ್ಟಿಕೊಂಡಿತು. 1974ರ 'ಸಂಪತ್ತಿಗೆ ಸವಾಲ್' ಆದಮೇಲೆ ರಾಜ್ ತಾವೇ ಹಾಡೋಕೆ ಶುರು ಮಾಡಿದರು. ಮುಂದೆ 'ಜೀವನ ಚೈತ್ರ'ದ ಹಾಡಿಗೆ ರಾಷ್ಟ್ರಪ್ರಶಸ್ತಿಯೂ ಬಂತು. ಇದನ್ನ ಯಾರೂ ಮೋಸ ಅನ್ನಲಿಲ್ಲ. ಯಾಕೆ? ಟೈಟಲ್ ಕಾರ್ಡಿನಲ್ಲಿ ಹೆಸರು ಬರ್ತಿತ್ತು, ರೇಡಿಯೊದಲ್ಲಿ ಹಾಡಿದವರು ಇಂಥವರು ಅಂತ ಹೇಳ್ತಿದ್ದರು. ಅಷ್ಟೇ ಕಾರಣ.

ಈ ಹೆಸರೂ ಸುಮ್ಮನೆ ಬಂದಿದ್ದಲ್ಲ. 1949ರಲ್ಲಿ 'ಮಹಲ್' ಅನ್ನೋ ಹಿಂದಿ ಸಿನಿಮಾ ಬಂದಾಗ ಅದರ ಪ್ರಸಿದ್ಧ ಹಾಡಿನ ರೆಕಾರ್ಡಿನ ಮೇಲೆ ಲತಾ ಮಂಗೇಶ್ಕರ್ ಹೆಸರು ಇರಲೇ ಇಲ್ಲ. 'ಕಾಮಿನಿ' ಅಂತ ಇತ್ತು. ಕಾಮಿನಿ ಅನ್ನೋದು ಸಿನಿಮಾದೊಳಗಿನ ಪಾತ್ರದ ಹೆಸರು. ಹಾಡಿದ್ದು ಯಾರು ಅಂತ ಕೇಳುಗರು ರೇಡಿಯೊಗೆ ಪತ್ರ ಬರೆದು ಕೇಳಿದಮೇಲೆ ಹೆಸರು ಹೊರಗೆ ಬಂತು. ಲತಾ ಅವರ ಗತಿಯೇ ಹೀಗಿತ್ತು ಅಂದಮೇಲೆ ಆರ್ಕೆಸ್ಟ್ರಾದ ಹಿಂದಿನ ಸಾಲಿನಲ್ಲಿ ಕೂತು ಢೋಲಕ್, ತಮಟೆ ಬಾರಿಸಿದವರನ್ನ ಯಾರು ಕೇಳಿದರು? ಹಾಡಿದವರ ಹೆಸರು ನಮಗೆ ಬಾಯಿಪಾಠ. ಬಾರಿಸಿದ ಒಬ್ಬರ ಹೆಸರು ಹೇಳಿ ನೋಡೋಣ.

ಈಗ ಸ್ವಲ್ಪ ಹೊರದೇಶಕ್ಕೆ ಹೋಗಿಬರೋಣ. 1942ರ ಆಗಸ್ಟ್ 1ರಿಂದ ಅಮೆರಿಕದ ಸಂಗೀತಗಾರರ ಯೂನಿಯನ್ನು ಜೇಮ್ಸ್ ಪೆಟ್ರಿಲ್ಲೊ ಅನ್ನೋ ನಾಯಕನ ಮಾತಿನಂತೆ ರೆಕಾರ್ಡಿಂಗ್ ಮುಷ್ಕರ ಹೂಡಿತು. ಅವರ ಮಾತು ಸರಳ: ನಾವು ಒಂದು ಸಲ ನುಡಿಸ್ತೀವಿ, ಒಂದು ಸಲದ ಕೂಲಿ ಕೊಡ್ತೀರಿ. ಆ ರೆಕಾರ್ಡನ್ನ ಸಾವಿರ ಕಡೆ ಹಾಕ್ತೀರಿ, ಆ ಸಾವಿರ ಕಡೆಯೂ ನಮ್ಮವರ ಕೆಲಸ ಹೋಗುತ್ತೆ. ದೊಡ್ಡ ಕಂಪನಿಗಳು 1944ರ ನವೆಂಬರ್‌ವರೆಗೂ ಜಗ್ಗಲಿಲ್ಲ. ಕೊನೆಗೆ ಜಗ್ಗಿದವು. ಮಾರಾಟವಾದ ಪ್ರತಿ ರೆಕಾರ್ಡಿಗೆ ಇಷ್ಟು ಅಂತ ಯೂನಿಯನ್ನಿನ ನಿಧಿಗೆ ಬರುವ ಹಾಗಾಯಿತು. ಕೆಲಸ ಇಲ್ಲದ ಸಂಗೀತಗಾರರಿಗೆ ಆ ದುಡ್ಡಿನಿಂದ ಕಛೇರಿ ಕೊಡಿಸಿದರು.

ಟಿವಿ ಬಂದಮೇಲೆ ಅದೇ ಜಗಳ ಮತ್ತೆ. ಬಿಬಿಸಿಯ 'ಟಾಪ್ ಆಫ್ ದಿ ಪಾಪ್ಸ್' ಶುರುವಾಗಿದ್ದು 1964ರ ಜನವರಿ 1ರಂದು, ಮ್ಯಾಂಚೆಸ್ಟರಿನಲ್ಲಿ. ಬ್ಯಾಂಡಿನವರು ಬರೋದು, ರೆಕಾರ್ಡ್ ಹಾಕೋದು, ಬಾಯಿ ಆಡಿಸೋದು. ವಾದ್ಯಗಾರರ ಯೂನಿಯನ್ ಇದನ್ನ ವಿರೋಧಿಸಿತು. 1966ರಲ್ಲಿ ಬಿಬಿಸಿ ಒಪ್ಪಬೇಕಾಯಿತು: ಅಂಗಡಿಯಲ್ಲಿ ಮಾರುವ ರೆಕಾರ್ಡಿಗೆ ಬಾಯಿ ಆಡಿಸೋ ಹಾಗಿಲ್ಲ, ಸಂಗೀತಗಾರರನ್ನ ಕರೆಸಿ ಹೊಸದಾಗಿ ನುಡಿಸಬೇಕು, ಇಲ್ಲ ಆರ್ಕೆಸ್ಟ್ರಾ ಇಡಬೇಕು. ಅಲ್ಲೂ ಕಳ್ಳದಾರಿ ಹುಡುಕಿದವರಿದ್ದರು. ಯೂನಿಯನ್ನಿನವನ ಗಮನ ಬೇರೆ ಕಡೆ ಸೆಳೆದು ಹಳೆ ಟೇಪನ್ನೇ ಹಾಕ್ತಿದ್ದೆವು ಅಂತ ಆ ಕಾಲದ ಸಂಗೀತಗಾರರೇ ನಗುತ್ತಾ ಹೇಳಿಕೊಂಡಿದ್ದಾರೆ. ಆದರೂ ನಿಯಮ ಅಂತ ಒಂದಿತ್ತು. ಕೇಳೋಕೆ ಒಂದು ಸಂಘ ಇತ್ತು.

1971ರಲ್ಲಿ ಅದೇ ಕಾರ್ಯಕ್ರಮದಲ್ಲಿ ರಾಡ್ ಸ್ಟೀವರ್ಟ್ ತಮ್ಮ 'ಮ್ಯಾಗಿ ಮೇ' ಹಾಡಿಗೆ ಬಂದರು. ಮ್ಯಾಂಡೊಲಿನ್ ಹಿಡಿದು ಕೂತಿದ್ದು ಜಾನ್ ಪೀಲ್ ಅನ್ನೋ ರೇಡಿಯೊ ನಿರೂಪಕ. ಅವರು ಸುಮ್ಮನೆ ಕೈ ಆಡಿಸಿದರು. ನಿಜವಾಗಿ ನುಡಿಸಿದ್ದು ರೇ ಜಾಕ್ಸನ್. ಆಲ್ಬಮ್ಮಿನ ಹೊದಿಕೆ ಮೇಲಾದರೂ ಅವರ ಹೆಸರಿದೆಯಾ? ಇಲ್ಲ. ಅವರ ಬ್ಯಾಂಡಿನ ಹೆಸರು ಹಾಕಿ, ನುಡಿಸಿದವರ ಹೆಸರು ಮಾತ್ರ ಮರೆತುಹೋಗಿದೆ ಅಂತ ತಮಾಷೆಯಾಗಿ ಬರೆದಿದ್ದಾರೆ. ಆ ಹಾಡಿನಲ್ಲಿ ಜನ ಗುನುಗೋದು ಆ ಮ್ಯಾಂಡೊಲಿನ್ನನ್ನೇ.

ಅಮೆರಿಕದ ಕಥೆ ನಮಗೆ ಇನ್ನೂ ಹತ್ತಿರ. 1957ರಿಂದ ದೇಶಕ್ಕೆಲ್ಲ ಪ್ರಸಾರವಾದ 'ಅಮೆರಿಕನ್ ಬ್ಯಾಂಡ್‌ಸ್ಟಾಂಡ್' ಕಾರ್ಯಕ್ರಮದಲ್ಲಿ ಕಪ್ಪು ಗಾಯಕರು ಬಂದು ರೆಕಾರ್ಡಿಗೆ ತುಟಿ ಆಡಿಸ್ತಿದ್ದರು. ಆದರೆ ಸ್ಟುಡಿಯೊದಲ್ಲಿ ಕುಣಿಯೋಕೆ ಬರ್ತಿದ್ದ ಹುಡುಗ ಹುಡುಗಿಯರಲ್ಲಿ ಕಪ್ಪು ಮಕ್ಕಳನ್ನ ಬಾಗಿಲಲ್ಲೇ ತಡೀತಿದ್ದರು ಅಂತ ಇತಿಹಾಸಕಾರರು ದಾಖಲೆ ಸಮೇತ ತೋರಿಸಿದ್ದಾರೆ. ಹಾಡು ಬೇಕು, ಜನ ಬೇಡ. ನಮಗೆ ಇದನ್ನ ಬಿಡಿಸಿ ಹೇಳಬೇಕಾ? ಚರ್ಮದ ವಾದ್ಯ ದೇವರ ಉತ್ಸವಕ್ಕೆ ಬೇಕು, ಚರ್ಮ ಹದ ಮಾಡಿದವನು ಗುಡಿಯ ಹೊರಗೆ.

1990ರಲ್ಲಿ ಮಿಲ್ಲಿ ವನಿಲ್ಲಿ ಅನ್ನೋ ಜೋಡಿಗೆ ಗ್ರ್ಯಾಮಿ ಪ್ರಶಸ್ತಿ ಬಂತು. ಅದೇ ವರ್ಷದ ನವೆಂಬರಿನಲ್ಲಿ ವಾಪಸ್ ಹೋಯಿತು. ಆ ಇಬ್ಬರು ಕಪ್ಪು ಯುವಕರು ಹಾಡೇ ಇರಲಿಲ್ಲ, ಹಾಡಿದವರು ಬೇರೆ. ಜಗತ್ತೆಲ್ಲ ಆ ಇಬ್ಬರನ್ನ ನೋಡಿ ನಕ್ಕಿತು. ಅವರಲ್ಲಿ ರಾಬ್ ಪಿಲಾಟಸ್ 1998ರಲ್ಲಿ ಚಿಕ್ಕ ವಯಸ್ಸಿಗೇ ತೀರಿಕೊಂಡ. ಇದನ್ನೆಲ್ಲ ರೂಪಿಸಿದ ಜರ್ಮನಿಯ ಬಿಳಿ ನಿರ್ಮಾಪಕ ಫ್ರಾಂಕ್ ಫಾರಿಯನ್ ಕೆಲಸ ಮುಂದುವರಿಸಿದ. ನಿಜವಾಗಿ ಹಾಡಿದವರಿಗೆ ಆ ಪ್ರಶಸ್ತಿಯನ್ನ ಯಾರೂ ಕೊಡಲಿಲ್ಲ. ಅದೇ ಹೊತ್ತಿಗೆ ಮಾರ್ಥಾ ವಾಶ್ ಅನ್ನೋ ಕಪ್ಪು ಗಾಯಕಿಯ ದನಿಯನ್ನ ಎರಡು ತಂಡಗಳು ಬಳಸಿಕೊಂಡವು. ವಿಡಿಯೊದಲ್ಲಿ ಮಾತ್ರ ತೆಳ್ಳಗಿನ ಬೇರೆ ಹೆಣ್ಣುಮಕ್ಕಳು ಬಾಯಿ ಆಡಿಸಿದರು. ಮಾರ್ಥಾ ಸುಮ್ಮನೆ ಕೂರಲಿಲ್ಲ, ಕೋರ್ಟಿಗೆ ಹೋದರು. ಹಾಡಿದವರ ಹೆಸರು ಹಾಕಲೇಬೇಕು ಅನ್ನೋ ಪದ್ಧತಿ ಅಲ್ಲಿ ಗಟ್ಟಿಯಾಗಿದ್ದು ಅವರ ಆ ಹೋರಾಟದಿಂದ.

ಈಗ ನಮ್ಮ ಮನೆ ವಿಷಯಕ್ಕೆ ಬರ್ತೀನಿ.

ನಮ್ಮ ರಾಜೀವನಗರದ ಕಡೆ ಸಂಜೆ ಹೊತ್ತು ತಮಟೆ ಅಭ್ಯಾಸ ಮಾಡುವ ಹುಡುಗರ ಒಂದು ಗುಂಪಿದೆ. ಹಗಲು ಗಾರೆ ಕೆಲಸ, ಪೇಂಟಿಂಗ್, ಆಟೊ. ಕೆಲವರು ನಮ್ಮವರು, ಇಬ್ಬರು ಮುಸ್ಲಿಂ ಹುಡುಗರು. ಮೂರು ವರ್ಷದ ಹಿಂದೆ ಒಂದು ಟಿವಿ ಚಾನೆಲ್ಲಿನ ಹಬ್ಬದ ಕಾರ್ಯಕ್ರಮಕ್ಕೆ ಇವರನ್ನ ಕರೆದರು. ಲೆಟರು, ಆಧಾರ್ ಜೆರಾಕ್ಸು, ಬ್ಯಾಂಕ್ ವಿವರ ಎಲ್ಲ ಜೋಡಿಸಿಕೊಡೋಕೆ ನಾನು ಜೊತೆಗೆ ಹೋಗಿದ್ದೆ. ಗುಮಾಸ್ತನಿಗೆ ಇನ್ನೇನು ಕೆಲಸ ಬರುತ್ತೆ! ಹುಡುಗರು ಚರ್ಮದ ತಮಟೆಯನ್ನೇ ಒಯ್ದಿದ್ದರು. ಅದನ್ನ ಬೆಂಕಿಯಲ್ಲಿ ಕಾಯಿಸಿದರೆ ತಾನೇ ಚರ್ಮ ಬಿಗಿಯಾಗಿ ನಾದ ಬರೋದು? ಒಳಗೆ ಬೆಂಕಿ ಹಚ್ಚೋ ಹಾಗಿಲ್ಲ ಅಂದರು. ಸರಿ, ಹೊರಗೆ ಕಾಯಿಸಿ ತರ್ತೀವಿ ಅಂದರು ಹುಡುಗರು. ಅದೂ ಬೇಡ ಅಂದರು. "ಟ್ರ್ಯಾಕ್ ಇದೆ ಕಣ್ರಪ್ಪ, ನೀವು ಜೋರಾಗಿ ಬಾರಿಸಬೇಡಿ, ಬಾರಿಸೋ ಥರ ಮಾಡಿ ಸಾಕು. ಕುಣಿತ ಮಾತ್ರ ಜೋರಾಗಿರಲಿ."

ಮುಂದೆ ಇನ್ನೊಂದು. ಹಾಡೋಕೆ ಬಂದಿದ್ದವರಿಗೆ ಗಾಯಕರ ಲೆಕ್ಕದಲ್ಲಿ ಸಂಭಾವನೆ. ನಮ್ಮ ಹುಡುಗರ ವೋಚರಿನಲ್ಲಿ ಇದ್ದಿದ್ದು ಸಹಕಲಾವಿದರು ಅಂತ. ಅಂದರೆ ಹಿಂದೆ ಓಡಾಡುವವರಿಗೆ ಕೊಡೋ ದರ. ಕೇಳಿದ್ದಕ್ಕೆ, "ಇವರು ನುಡಿಸಿಲ್ಲವಲ್ಲ ಸಾರ್" ಅಂದರು. ನುಡಿಸಬೇಡಿ ಅಂದವರೂ ಅವರೇ, ನುಡಿಸಿಲ್ಲ ಅಂತ ದುಡ್ಡು ಕಡಿಮೆ ಮಾಡಿದವರೂ ಅವರೇ. ಕಾರ್ಯಕ್ರಮ ಪ್ರಸಾರವಾದಾಗ ಕೊನೆಯಲ್ಲಿ ಹೆಸರುಗಳು ಓಡಿದವು. ಮೇಕಪ್ ಮಾಡಿದವರದ್ದಿತ್ತು, ಬಟ್ಟೆ ಕೊಟ್ಟ ಅಂಗಡಿಯದ್ದಿತ್ತು. ಹುಡುಗರದ್ದು ಒಂದೂ ಇರಲಿಲ್ಲ. ಆ ಟ್ರ್ಯಾಕಿನಲ್ಲಿ ನಿಜವಾಗಿ ತಮಟೆ ಬಾರಿಸಿದ್ದವರ ಹೆಸರೂ ಇರಲಿಲ್ಲ. ಅವರೂ ಯಾವುದೋ ಕೇರಿಯ ಹುಡುಗರೇ ಇರಬಹುದು. ಕೈ ಯಾರದ್ದೋ, ಸದ್ದು ಯಾರದ್ದೋ. ಇಬ್ಬರಿಗೂ ಹೆಸರಿಲ್ಲ.

ತಮಟೆ ವಿಷಯದಲ್ಲಿ ನಮ್ಮ ಚಳವಳಿಯೊಳಗೆ ಹಳೆಯ ಚರ್ಚೆ ಒಂದಿದೆ. 1973ರಲ್ಲಿ ಇದೇ ಮೈಸೂರಿನಲ್ಲಿ ಬಿ. ಬಸವಲಿಂಗಪ್ಪನವರು ಬೂಸಾ ಮಾತು ಆಡಿದರು. ಅದರಿಂದ ಎದ್ದ ಗಲಾಟೆಯ ನಂತರ ದಲಿತ ಸಂಘರ್ಷ ಸಮಿತಿ ಕಟ್ಟಿದ ನಮ್ಮ ಹಿರಿಯರಲ್ಲಿ ಅನೇಕರು ತಮಟೆ ಕೆಳಗಿಡಿ ಅಂದರು. ಸಾವಿಗೆ, ಸಾರೋದಕ್ಕೆ, ಜಾತ್ರೆಗೆ ಬಿಟ್ಟಿ ಬಾರಿಸೋದು ಗುಲಾಮಗಿರಿ ಅಂದರು. ಬಾರಿಸಲ್ಲ ಅಂದಿದ್ದಕ್ಕೆ ಎಷ್ಟೋ ಹಳ್ಳಿಗಳಲ್ಲಿ ಬಹಿಷ್ಕಾರ ಅನುಭವಿಸಿದವರು ನಮ್ಮವರು. ಅದೇ ಹೊತ್ತಿಗೆ ಅದೇ ತಮಟೆ ಜಾಥಾಗಳಲ್ಲಿ ಹೋರಾಟದ ದನಿಯೂ ಆಯಿತು. 1975ರಲ್ಲಿ 'ಹೊಲೆಮಾದಿಗರ ಹಾಡು' ತಂದ ಸಿದ್ಧಲಿಂಗಯ್ಯನವರ ಪದಗಳನ್ನ ನಮ್ಮ ಜನ್ನಿ, ಕೋಲಾರದ ಪಿಚ್ಚಳ್ಳಿ ಶ್ರೀನಿವಾಸ್ ಅಂಥವರು ಊರೂರಲ್ಲಿ ಹಾಡಿದರು. ಅಲ್ಲಿ ಯಾವ ಟ್ರ್ಯಾಕೂ ಇರಲಿಲ್ಲ. ಗಂಟಲು ಕಟ್ಟಿದರೆ ಕಟ್ಟಿದ ಗಂಟಲಲ್ಲೇ ಹಾಡು. 2023ರಲ್ಲಿ ಚಿಕ್ಕಬಳ್ಳಾಪುರ ಕಡೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ ತಮಟೆಗೇ ಪದ್ಮಶ್ರೀ ಬಂತು.

ಬಿಡಬೇಕೋ ಬಾರಿಸಬೇಕೋ ಅನ್ನೋ ಚರ್ಚೆ ಇನ್ನೂ ಮುಗಿದಿಲ್ಲ, ಎರಡೂ ಕಡೆ ನ್ಯಾಯ ಇದೆ. ಆದರೆ ನನಗೆ ಕಾಣೋದು ಇದು: ಹಳ್ಳಿಯಲ್ಲಿ ಗೌಡ ಬಾರಿಸಲೇಬೇಕು ಅಂದ. ಸ್ಟುಡಿಯೊದಲ್ಲಿ ಬಾರಿಸಬೇಡ, ಬಾರಿಸಿದ ಹಾಗೆ ಮಾಡು ಅಂದರು. ಎರಡು ಕಡೆಯೂ ತೀರ್ಮಾನ ಬಾರಿಸುವವನದ್ದಲ್ಲ. ಹಳ್ಳಿಯಲ್ಲಿ ಸದ್ದು ತಗೊಂಡು ಮನುಷ್ಯನನ್ನ ದೂರ ಇಟ್ಟರು. ಟಿವಿಯಲ್ಲಿ ಮನುಷ್ಯನ ಬಣ್ಣ, ಕುಣಿತ, ಬೆವರು ತಗೊಂಡು ಅವನ ಸದ್ದನ್ನ ದೂರ ಇಟ್ಟರು.

ಟ್ರ್ಯಾಕ್ ಹಾಕೋದೇ ತಪ್ಪು ಅಂತ ನಾನು ಹೇಳ್ತಿಲ್ಲ. ಮೈಕು ಕಡಿಮೆ, ಸಮಯ ಕಡಿಮೆ, ಹತ್ತು ಸಲ ಶೂಟ್ ಮಾಡಬೇಕು, ಪ್ರತಿ ಸಲವೂ ಒಂದೇ ಥರ ಸದ್ದು ಬೇಕು. ಅವರ ಕಷ್ಟ ಅರ್ಥವಾಗುತ್ತೆ. ಹಾಗಿದ್ದರೆ ಅದೇ ಹುಡುಗರನ್ನ ಒಂದು ದಿನ ಮೊದಲು ಕರೆದು, ಅವರ ಕೈಯಲ್ಲೇ ಟ್ರ್ಯಾಕ್ ಮಾಡಿಸಿ, ಎರಡು ದಿನದ ಸಂಭಾವನೆ ಕೊಡಿ. 1966ರಲ್ಲಿ ಇಂಗ್ಲೆಂಡಿನ ಯೂನಿಯನ್ ಕೇಳಿದ್ದೂ ಹೆಚ್ಚುಕಡಿಮೆ ಇಷ್ಟೇ.

ಕಾನೂನೂ ನಮ್ಮ ಕಡೆ ಸ್ವಲ್ಪ ಇದೆ, ಗೊತ್ತಿರಲಿ. 1957ರ ಕೃತಿಸ್ವಾಮ್ಯ ಕಾಯ್ದೆಗೆ 1994ರಲ್ಲಿ ತಿದ್ದುಪಡಿ ತಂದು ಪ್ರದರ್ಶಕರಿಗೆ ಹಕ್ಕು ಕೊಟ್ಟರು. ಪ್ರದರ್ಶಕ ಅಂದರೆ ಯಾರು ಅನ್ನೋ ಪಟ್ಟಿಯಲ್ಲಿ ನಟ, ಗಾಯಕ, ವಾದ್ಯಗಾರ, ನರ್ತಕ ಮಾತ್ರ ಅಲ್ಲ, ದೊಂಬರಾಟದವರು, ಹಾವಾಡಿಗರೂ ಇದ್ದಾರೆ. 2012ರ ತಿದ್ದುಪಡಿಯಲ್ಲಿ 38ಬಿ ಅನ್ನೋ ಕಲಂ ಬಂತು. ಪ್ರದರ್ಶನ ಮಾಡಿದವರು ಇದನ್ನ ಮಾಡಿದ್ದು ನಾನು ಅಂತ ಗುರುತಿಸಿಕೊಳ್ಳುವ ಹಕ್ಕು ಅದರಲ್ಲಿದೆ. ಅದೇ ತಿದ್ದುಪಡಿಯಲ್ಲಿ ಒಂದು ಕೊಕ್ಕೆಯೂ ಇದೆ: ಸಿನಿಮಾದಲ್ಲಿ ಸಾಂದರ್ಭಿಕವಾಗಿ ಬಂದುಹೋಗುವವರ ಹೆಸರು ಟೈಟಲ್ಲಿನಲ್ಲಿ ಇಲ್ಲದಿದ್ದರೆ ಬಹುಪಾಲು ಹಕ್ಕುಗಳಿಗೆ ಅವರು ಪ್ರದರ್ಶಕರೇ ಅಲ್ಲ. ಆದ್ದರಿಂದ ಹೆಸರು ಬರೋದು ಬರೀ ಮರ್ಯಾದೆ ವಿಷಯ ಅಂದ್ಕೋಬೇಡಿ. ದುಡ್ಡು, ಹಕ್ಕು ಎಲ್ಲದಕ್ಕೂ ಅದೇ ಮೊದಲ ದಾಖಲೆ. ಕಚೇರಿಯಲ್ಲಿ ಇಪ್ಪತ್ತು ವರ್ಷ ಫೈಲು ಎತ್ತಿ ಇಟ್ಟವನ ಮಾತಿದು: ಕಡತದಲ್ಲಿ ಹೆಸರಿಲ್ಲದವನು ಕಚೇರಿಯ ಮಟ್ಟಿಗೆ ಹುಟ್ಟೇ ಇಲ್ಲ.

ಕಲಾತಂಡ ಕಟ್ಟಿರೋ ತಮ್ಮಂದಿರಿಗೆ, ತಂಗಿಯರಿಗೆ ಮೂರು ಮಾತು. ಚಾನೆಲ್ಲಿನವರಾಗಲಿ, ಇಲಾಖೆಯವರಾಗಲಿ ಕರೆದಾಗ ಲೈವಾ, ಟ್ರ್ಯಾಕಾ ಅಂತ ಮೊದಲೇ ಕೇಳಿ, ಬರಹದಲ್ಲಿ ತಗೊಳ್ಳಿ. ಟ್ರ್ಯಾಕ್ ಆದರೆ ಅದನ್ನ ನುಡಿಸುವವರು ಯಾರು ಅಂತ ಕೇಳಿ. ವೋಚರಿಗೆ ಸಹಿ ಹಾಕುವ ಮೊದಲು ವಾದ್ಯ ಕಲಾವಿದರು ಅಂತ ಬರೆದಿದೆಯಾ ನೋಡಿ, ತಂಡದ ಎಲ್ಲರ ಹೆಸರಿನ ಪಟ್ಟಿ ಅದರ ಜೊತೆ ಲಗತ್ತಿಸಿ. ಪಟ್ಟಿ ಮಾಡೋಕೆ ಬರದಿದ್ದರೆ ನನ್ನ ಹತ್ತಿರ ಬನ್ನಿ, ನಾನು ಬರೆದುಕೊಡ್ತೀನಿ.

ಇನ್ನು ಜಯಂತಿ ಮಾಡುವ ನಮ್ಮ ಸಂಘದವರಿಗೆ ಒಂದು ಮಾತು. ಬಾಬಾಸಾಹೇಬರ ಮೆರವಣಿಗೆಗೆ ಡಿಜೆಗೆ ಅಂತ ದುಡ್ಡು ಎತ್ತಿಡ್ತೀವಿ. ಪಕ್ಕದ ಬೀದಿಯ ತಮಟೆ ಹುಡುಗರಿಗೆ ಊಟ ಹಾಕಿ ಕಳಿಸ್ತೀವಿ. ಚಾನೆಲ್ಲಿನವರನ್ನ ಕೇಳುವ ಮುಂಚೆ ಇದನ್ನ ನಾವು ನಮ್ಮ ಸಭೆಯಲ್ಲೇ ಮಾತಾಡಬೇಕು. ಈ ಏಪ್ರಿಲ್ 14ಕ್ಕೆ ಕರಪತ್ರ ಅಚ್ಚು ಹಾಕಿಸುವಾಗ ಅತಿಥಿಗಳ ಹೆಸರಿನ ಕೆಳಗೆ ಒಂದು ಸಾಲು ಜಾಗ ಬಿಡಿ. ಬಾರಿಸುವವರ ಹೆಸರು ಅಲ್ಲಿ ಬರಲಿ, ಒಬ್ಬರದೂ ಬಿಡದ ಹಾಗೆ.

ಜೈ ಭೀಮ್.
ರಾಜೀವನಗರ, ಮೈಸೂರು