ದೇವರಕಾಡು ಉಳಿಯಿತು, ಹೊಳೆ ಕೆಟ್ಟಿತು: ಪುಣೆಯಲ್ಲಿ ಶ್ರದ್ಧೆ, ಕಟ್ಟುಪಾಡು ಮತ್ತು ಪರಿಸರ

ಪರಿಸರದ ಬಿಕ್ಕಟ್ಟಿಗೂ ಧರ್ಮಕ್ಕೂ ಇರುವ ನಂಟಿನ ಆಧುನಿಕ ಚರ್ಚೆಗೆ ಇತಿಹಾಸಕಾರ ಲಿನ್ ವೈಟ್ 1967ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದ ಲೇಖನ ಚಾಲನೆ ಕೊಟ್ಟಿತು. ನಿಸರ್ಗವನ್ನು ಮನುಷ್ಯನ ಅಧೀನವೆಂದು ಕಂಡ ಪಾಶ್ಚಾತ್ಯ ಕ್ರೈಸ್ತ ದೃಷ್ಟಿಯಲ್ಲಿ ಅವರು ಬಿಕ್ಕಟ್ಟಿನ ಬೇರನ್ನು ಗುರುತಿಸಿದರು. ಹಾಗಾದರೆ ನಿಸರ್ಗವನ್ನು ಪೂಜಿಸುವ ಸಮಾಜ ಅದನ್ನು ಉಳಿಸಿಕೊಳ್ಳುತ್ತದೆಯೇ? ಪುಣೆಯ ಸೀಮೆಯಲ್ಲಿ ಕಾಡೂ ಪೂಜ್ಯ, ಹೊಳೆಯೂ ಪೂಜ್ಯ. ದೇವರ ಹೆಸರಿನ ಕಾಡು ಎಷ್ಟೋ ಕಡೆ ಉಳಿಯಿತು, ಹೊಳೆ ಕೆಟ್ಟಿತು. ಈ ವ್ಯತ್ಯಾಸ ಹುಟ್ಟಿದ್ದು ಭಕ್ತಿಯ ಹೆಚ್ಚು ಕಡಿಮೆಯಿಂದಲ್ಲ, ಭಕ್ತಿ ವಿಧಿಸುವ ಕಟ್ಟುಪಾಡಿನ ಸ್ವರೂಪದಿಂದ ಎಂಬುದು ಈ ಲೇಖನದ ವಾದ.

1970ರ ದಶಕದಲ್ಲಿ ಪುಣೆಯ ಸಸ್ಯವಿಜ್ಞಾನಿ ವಿ. ಡಿ. ವರ್ತಕ್ ಮತ್ತು ಪರಿಸರವಿಜ್ಞಾನಿ ಮಾಧವ ಗಾಡ್ಗೀಳ್ ಸಹ್ಯಾದ್ರಿಯ ‘ದೇವರಾಯಿ’ಗಳನ್ನು, ಅಂದರೆ ದೇವರಕಾಡುಗಳನ್ನು, ಅಧ್ಯಯನ ಮಾಡಿದರು. ಸುತ್ತಲಿನ ಗುಡ್ಡಗಳು ಬೋಳಾದ ಮೇಲೂ ಈ ತುಣುಕುಗಳಲ್ಲಿ ಮೂಲ ಕಾಡಿನ ಮರ, ಬಳ್ಳಿಗಳು ಉಳಿದಿದ್ದವು. ಎಲ್ಲೆ ಯಾವುದೆಂದು ಊರಿಗೆ ಗೊತ್ತು. ಅದರೊಳಗೆ ಕೊಡಲಿ ಹಾಕುವಂತಿಲ್ಲ. ಮೀರಿದವನಿಗೆ ದೈವದ ಭಯದೊಡನೆ ಊರವರ ಕಣ್ಗಾವಲೂ ಇತ್ತು. ಕರ್ನಾಟಕದ ನಿದರ್ಶನವೂ ಇದನ್ನೇ ಹೇಳುತ್ತದೆ. ಕೊಡಗಿನಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳು ದಾಖಲಾಗಿವೆ. ಆದರೆ ಊರ ಹಿಡಿತ ಸಡಿಲಿದ ಕಡೆ ಕಾಫಿ ತೋಟಗಳು ಅವನ್ನು ಒತ್ತುವರಿ ಮಾಡಿವೆ. ದೇವರು ಅಲ್ಲೇ ಇದ್ದರೂ ಕಾಡು ಕರಗಿತು.

ಹೊಳೆಯ ವಿಷಯದಲ್ಲಿ ಇಂಥ ಎಲ್ಲೆಯೇ ಇಲ್ಲ. ಹೊಳೆಯೆಲ್ಲ ಗಂಗೆ, ಗಂಗೆ ಪಾವನಗೊಳಿಸುವವಳು ಎಂದ ಮೇಲೆ ಅವಳು ಕೊಳೆಯಾಗುವುದು ಹೇಗೆ? ಶುದ್ಧಿ ಬೇರೆ, ಸ್ವಚ್ಛತೆ ಬೇರೆ ಎಂಬ ಈ ನಂಬಿಕೆಯನ್ನು ಮಾನವಶಾಸ್ತ್ರಜ್ಞೆ ಕೆಲ್ಲಿ ಆಲಿ ವಾರಾಣಸಿಯಲ್ಲಿ ಗುರುತಿಸಿದ್ದಾರೆ. 1890ರ ದಶಕದಲ್ಲಿ ಲೋಕಮಾನ್ಯ ಟಿಳಕರು ಸಾರ್ವಜನಿಕ ರೂಪ ಕೊಟ್ಟ ಗಣೇಶೋತ್ಸವ ಪುಣೆಯಲ್ಲಿ ಬೆಳೆದಂತೆ, ಮೂರ್ತಿಗಳಲ್ಲಿ ಜೇಡಿಮಣ್ಣಿನ ಜಾಗಕ್ಕೆ ನೀರಿನಲ್ಲಿ ಸುಲಭವಾಗಿ ಕರಗದ ಪ್ಲಾಸ್ಟರ್ ಆಫ್ ಪ್ಯಾರಿಸ್ ಬಂತು; ಮೂರ್ತಿಗಳನ್ನು ವಿಸರ್ಜಿಸುವ, ನಗರದ ಮುಠಾ ನದಿಯ ಮೇಲಿನ ಹೊರೆಯೂ ಬೆಳೆಯಿತು.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2010ರಲ್ಲಿ ಮೂರ್ತಿ ವಿಸರ್ಜನೆಗೆ ಮಾರ್ಗಸೂಚಿ ಹೊರಡಿಸಿ 2020ರಲ್ಲಿ ಅದನ್ನು ಬಿಗಿಗೊಳಿಸಿತು. ಆದರೆ ಜನ ಹೆಚ್ಚು ಸುಲಭವಾಗಿ ಒಪ್ಪಿದ್ದು ಆಚರಣೆಯನ್ನು ಉಳಿಸಿಕೊಂಡೇ ಬದಲಿಸಿದ ಕ್ರಮಗಳನ್ನು: ನದೀತೀರದ ವಿಸರ್ಜನಾ ತೊಟ್ಟಿಗಳು, ನಿರ್ಮಾಲ್ಯ ಕಲಶಗಳು, ಮೂರ್ತಿದಾನ. ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯ ರೂಪಿಸಿದ ವಿಧಾನದಲ್ಲಿ ಅಮೋನಿಯಂ ಬೈಕಾರ್ಬೊನೇಟ್ ದ್ರಾವಣ ಪ್ಲಾಸ್ಟರ್ ಮೂರ್ತಿಯನ್ನು ಮನೆಯ ಬಕೆಟ್ಟಿನಲ್ಲೇ ಕರಗಿಸುತ್ತದೆ. ಉಳಿಯುವುದು ಗೊಬ್ಬರವಾಗುವ ಅಮೋನಿಯಂ ಸಲ್ಫೇಟ್ ಮತ್ತು ಕ್ಯಾಲ್ಸಿಯಂ ಕಾರ್ಬೊನೇಟ್. ಆರತಿ, ವಿದಾಯ, ನೀರು, ಯಾವುದೂ ತಪ್ಪಲಿಲ್ಲ. ಹೊಳೆಗೆ ಮಾತ್ರ ಎಲ್ಲೆಯೊಂದು ಬಂತು. ದೇವರಾಯಿಯ ತತ್ತ್ವವೂ ಇದೇ.

ಆದರೆ ಶ್ರದ್ಧೆಯ ಸುಧಾರಣೆಗೂ ಮಿತಿಯಿದೆ. ವಿಸರ್ಜನೆ ವರ್ಷಕ್ಕೆ ಕೆಲವು ದಿನಗಳದು. ನಗರದ ಚರಂಡಿ ನೀರು ವರ್ಷವಿಡೀ ಹರಿಯುತ್ತದೆ. ಜಪಾನಿನ ನೆರವಿನ, ಆರಂಭದಲ್ಲಿ ಸುಮಾರು 990 ಕೋಟಿ ರೂಪಾಯಿ ಅಂದಾಜಿಸಿದ್ದ ನದಿ ಮಾಲಿನ್ಯ ತಡೆ ಯೋಜನೆಯಲ್ಲಿ 11 ಹೊಸ ಶುದ್ಧೀಕರಣ ಘಟಕಗಳನ್ನು ಸೇರಿಸಬೇಕಾಗಿ ಬಂದದ್ದು ಅದಕ್ಕಾಗಿಯೇ. ಭಕ್ತರನ್ನಷ್ಟೇ ದೂರಿ ಪಾಲಿಕೆ ತನ್ನ ಹೊಣೆಯಿಂದ ಜಾರುವಂತಿಲ್ಲ.

ಮುಠಾ ನದಿ ಮುಳಾ ನದಿಯೊಡನೆ ಕೂಡಿ ಮುಳಾ–ಮುಠಾ ಆಗಿ ಭೀಮೆಯನ್ನು ಸೇರುತ್ತದೆ. ಅದೇ ಭೀಮೆ ಪಂಢರಪುರದಲ್ಲಿ ಚಂದ್ರಭಾಗೆಯಾಗಿ, ಕರ್ನಾಟಕಕ್ಕೆ ಬಂದು ಗಾಣಗಾಪುರದ ಸಂಗಮದಲ್ಲಿ ಭಕ್ತರ ಸ್ನಾನದ ನೀರಾಗುತ್ತದೆ. ಆದ್ದರಿಂದ ಇದು ಕನ್ನಡಿಗರ ಪ್ರಶ್ನೆಯೂ ಹೌದು. ಪೂಜ್ಯತೆ ತಾನಾಗಿಯೇ ನಿಸರ್ಗವನ್ನು ಕಾಯದು. ಊರು ಒಪ್ಪಿದ ಎಲ್ಲೆ ಮತ್ತು ಆಡಳಿತ ಹೊತ್ತ ಹೊಣೆ ಎರಡೂ ಜೊತೆಗಿದ್ದಾಗ ಮಾತ್ರ ಕಾಯುತ್ತದೆ.