ಬಾಲೇವಾಡಿಯ ನಾಲ್ಕು ಕ್ಲಬ್ಬುಗಳು

ಪಿಂಪ್ರಿ-ಚಿಂಚವಾಡದ ವಾಕಡ್‌ನಿಂದ ಮುಳಾ ನದಿಯ ಸೇತುವೆ ದಾಟಿದರೆ ಬಾಲೇವಾಡಿಯ ಶ್ರೀ ಶಿವ ಛತ್ರಪತಿ ಕ್ರೀಡಾ ಸಂಕುಲ ಸಿಗುತ್ತದೆ. 1994ರ ರಾಷ್ಟ್ರೀಯ ಕ್ರೀಡಾಕೂಟಕ್ಕೆಂದು ಕಟ್ಟಿದ್ದು. 2008ರ ಕಾಮನ್‌ವೆಲ್ತ್ ಯುವ ಕ್ರೀಡಾಕೂಟವೂ ಇಲ್ಲೇ ನಡೆಯಿತು. ಹಿಂಜವಡಿಯಲ್ಲಿ ಕೆಲಸ ಮಾಡುವ ನಮ್ಮಂಥವರಿಗೆ ಇದು ಹೆದ್ದಾರಿಯ ಬದಿಯಲ್ಲಿ ದಿನಾ ಕಣ್ಣಿಗೆ ಬೀಳುವ ಗುರುತು. ಸುಮಾರು ಹತ್ತು ವರ್ಷಗಳ ಅವಧಿಯಲ್ಲಿ ಈ ಒಂದೇ ಮೈದಾನವನ್ನು ನಾಲ್ಕು ವೃತ್ತಿಪರ ಫುಟ್‌ಬಾಲ್ ಕ್ಲಬ್ಬುಗಳು ತಮ್ಮ ಮನೆ ಎಂದು ಕರೆದವು. ಇಂದು ದೇಶದ ಮೇಲಿನ ಹಂತದ ಲೀಗಿನಲ್ಲಿ ಆ ನಾಲ್ಕರಲ್ಲಿ ಒಂದೂ ಇಲ್ಲ.

ಕ್ಲಬ್ಬುಗಳು ಹುಟ್ಟುತ್ತವೆ, ಮುಚ್ಚುತ್ತವೆ. ಆದರೆ ನಾಲ್ಕು ಕ್ಲಬ್ಬುಗಳ ಮಾಲೀಕರು ಒಬ್ಬರ ಹಿಂದೊಬ್ಬರು ಎದ್ದು ಹೋದಾಗ ಈ ಊರಿನಲ್ಲಿ ಬೀದಿ ತುಂಬುವಂಥ ಒಂದು ಪ್ರತಿಭಟನೆಯೂ ಆಗಲಿಲ್ಲವಲ್ಲ, ಯಾಕೆ? ಈ ಪ್ರಶ್ನೆ ನನ್ನನ್ನು ಬಹಳ ದಿನದಿಂದ ಕಾಡುತ್ತಿದೆ. ಫುಟ್‌ಬಾಲ್ ಅಭಿಮಾನಿಗಳು ಮಾಲೀಕರ ವಿರುದ್ಧ ಎದ್ದು ನಿಂತ ಕಥೆಗಳು ನಮ್ಮ ದೇಶದಲ್ಲೇ ಸಾಕಷ್ಟಿವೆ. ಇಲ್ಲಿ ಮಾತ್ರ ಏಕೆ ಅಷ್ಟು ಮೌನ?

ಮೊದಲು ನಾಲ್ಕರ ಕಥೆಯನ್ನು ಚಿಕ್ಕದಾಗಿ ಹೇಳುತ್ತೇನೆ. ಪುಣೆ ಎಫ್‌ಸಿ 2007ರಲ್ಲಿ ಶುರುವಾಯಿತು. ಮಾಲೀಕರು ಅಶೋಕ್ ಪಿರಾಮಲ್ ಗುಂಪು. 2009-10ರಲ್ಲಿ ಐ-ಲೀಗ್‌ಗೆ ಬಂದ ಮೊದಲ ವರ್ಷವೇ ಮೂರನೇ ಸ್ಥಾನ, 2012-13ರಲ್ಲಿ ಎರಡನೇ ಸ್ಥಾನ. ದೇಹು ರೋಡ್ ಕಡೆಯ ಮಾಮುರ್ಡಿಯಲ್ಲಿ ಹುಡುಗರಿಗಾಗಿ ಅಕಾಡೆಮಿ ಕೂಡ ಕಟ್ಟಿತು. ನಾಲ್ಕರಲ್ಲಿ ಬುಡದಿಂದ ಬೆಳೆದ ಕ್ಲಬ್ ಎಂದರೆ ಇದೇ. ಎರಡನೆಯದು ಕಲ್ಯಾಣಿ ಗುಂಪಿನ ಭಾರತ್ ಎಫ್‌ಸಿ. ಕಾರ್ಪೊರೇಟ್ ಬಿಡ್ ಮೂಲಕ 2014-15ರ ಐ-ಲೀಗ್‌ಗೆ ನೇರ ಪ್ರವೇಶ ಪಡೆಯಿತು, ಪಟ್ಟಿಯ ತಳದಲ್ಲಿ ಮುಗಿಸಿತು. 2015ರಲ್ಲಿ ಇವೆರಡೂ ಲೀಗಿನಿಂದ ಹೊರಬಂದವು. ಅದೇ ಜಾಗಕ್ಕೆ ಡಿಎಸ್‌ಕೆ ಶಿವಾಜಿಯನ್ಸ್ ಬಂತು. ಶಿವಾಜಿಯನ್ಸ್ ಎಂಬುದು ಪುಣೆಯ ಸ್ಥಳೀಯ ಕ್ಲಬ್ಬಿನ ಹೆಸರು, ಅದರ ಹಿಂದೆ ಬಂದು ನಿಂತದ್ದು ಕಟ್ಟಡ ಉದ್ಯಮದ ಡಿಎಸ್‌ಕೆ ಗುಂಪು. ಆ ಗುಂಪು ಹಣದ ತೊಂದರೆಗೆ ಸಿಕ್ಕಿತು. ಎರಡು ಸೀಸನ್ ಆಡಿದ ಕ್ಲಬ್ 2017-18ರಲ್ಲಿ ಲೀಗಿನಲ್ಲಿ ಇರಲಿಲ್ಲ.

ನಾಲ್ಕನೆಯದು ಎಲ್ಲರಿಗೂ ಗೊತ್ತಿದ್ದ ಎಫ್‌ಸಿ ಪುಣೆ ಸಿಟಿ. 2014ರಲ್ಲಿ ಇಂಡಿಯನ್ ಸೂಪರ್ ಲೀಗ್ ಶುರುವಾದಾಗ ಹುಟ್ಟಿದ್ದು. ವಾಧವಾನ್ ಕುಟುಂಬದ ಉದ್ಯಮ, ಜೊತೆಗೆ ಹೃತಿಕ್ ರೋಷನ್ ಪಾಲುದಾರಿಕೆ. ಕಿತ್ತಳೆ ಜೆರ್ಸಿ, ಕಿತ್ತಳೆ ಬಾವುಟ, 'ಆರೆಂಜ್ ಆರ್ಮಿ' ಎಂಬ ಅಭಿಮಾನಿ ಬಳಗ. 2018ರ ಮಾರ್ಚ್‌ನಲ್ಲಿ ಈ ತಂಡ ಸೆಮಿಫೈನಲ್ ತಲುಪಿತು. ಎದುರಾಳಿ ಯಾರು? ನಮ್ಮ ಬೆಂಗಳೂರು ಎಫ್‌ಸಿ!

ಆ ವಾರ ನಮ್ಮ ಆಫೀಸಿನ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ಒಂದೇ ಚರ್ಚೆ. ಯಾವ ಬಣ್ಣದ ಅಂಗಿ ಹಾಕಿಕೊಂಡು ಹೋಗುವುದು? ಹುಬ್ಬಳ್ಳಿಯ ಗೆಳೆಯನೊಬ್ಬ, 'ಬಾಡಿಗೆ ಕಟ್ಟೂದು ಇಲ್ಲೆ, ಹಾಡೂದು ಅಲ್ಲೀದು' ಅಂತ ನಗುತ್ತಿದ್ದ. ಬಾಲೇವಾಡಿಯಲ್ಲಿ ಮೊದಲ ಪಂದ್ಯ ಗೋಲಿಲ್ಲದೆ ಮುಗಿಯಿತು. ಕಂಠೀರವದಲ್ಲಿ ಸುನಿಲ್ ಛೆತ್ರಿಯ ಹ್ಯಾಟ್ರಿಕ್, 3-1. ಬೆಂಗಳೂರು ಗೆದ್ದಿತು ಅಂತ ಸಂತೋಷವಾಯಿತು. ಆದರೆ ಮರುದಿನ ಕ್ಯಾಂಟೀನಿನಲ್ಲಿ ಕಿತ್ತಳೆ ಸ್ಕಾರ್ಫಿನ ಮರಾಠಿ ಸಹೋದ್ಯೋಗಿಯ ಮುಖ ನೋಡಿದಾಗ, ಸೋತದ್ದೂ ನಮ್ಮ ಪೇಟೆಯ ತಂಡವೇ ಅಂತ ಅನ್ನಿಸಿತು.

ಮುಂದಿನ ವರ್ಷ ಕ್ಲಬ್ಬಿಗೆ ಹಣದ ಕಷ್ಟ ಎಂಬ ಸುದ್ದಿ, ಆಟಗಾರರ ಸಂಬಳ ಬಾಕಿ ಎಂಬ ಸುದ್ದಿ. 2019ರ ಆಗಸ್ಟ್‌ನಲ್ಲಿ ಹೊಸ ಮಾಲೀಕರು ಬಂದರು, ಲೀಗಿನಲ್ಲಿ ಪುಣೆಯ ಸ್ಥಾನ ಹೈದರಾಬಾದಿಗೆ ಹೋಯಿತು. ಹೈದರಾಬಾದ್ ಎಫ್‌ಸಿ 2022ರ ಮಾರ್ಚ್‌ನಲ್ಲಿ ಲೀಗ್ ಕಪ್ ಎತ್ತಿತು. ಬಾಲೇವಾಡಿಯಲ್ಲಿ ಐದು ಸೀಸನ್ ಬಾವುಟ ಬೀಸಿದವರು ಆ ಕಪ್ಪನ್ನು ಟೀವಿಯಲ್ಲಿ ನೋಡಿದರು.

ಪತ್ರಿಕೆಗಳು ಏನು ಬರೆದವು? ಆಗ ನಾನು ಓದಿದ ಸುದ್ದಿಗಳಲ್ಲಿ ಹೆಚ್ಚಿನವುಗಳ ಧಾಟಿ ಒಂದೇ: ಹೈದರಾಬಾದಿಗೆ ಹೊಸ ತಂಡ ಬಂತು, ಕೋಚ್ ಯಾರು, ಯಾವ ಆಟಗಾರರು ಅಲ್ಲಿಗೆ ಹೋಗುತ್ತಾರೆ. ಪುಣೆಯ ವಿಷಯ ಕೊನೆಯ ಪ್ಯಾರಾದಲ್ಲಿ. ಇದರಲ್ಲಿ ಸಂಚೇನೂ ಇಲ್ಲ. ಸುದ್ದಿ ಹುಟ್ಟುವ ದಾರಿಯೇ ಹಾಗೆ. ಮಾಲೀಕರಿಗೆ ಪ್ರಕಟಣೆ ಹೊರಡಿಸುವ ವಿಭಾಗ ಇರುತ್ತದೆ, ಲೀಗಿಗೂ ಇರುತ್ತದೆ. ಗ್ಯಾಲರಿಯಲ್ಲಿ ಕೂತವನಿಗೆ ಅದು ಇರುವುದಿಲ್ಲ. ಅವನು ಗುಂಪು ಕಟ್ಟಿಕೊಂಡು ಗೇಟಿನ ಮುಂದೆ ನಿಂತರೆ ಮಾತ್ರ ವರದಿಗಾರನಿಗೆ ಒಂದು ಫೋಟೋ ಸಿಗುತ್ತದೆ. ನಮ್ಮಲ್ಲಿ ಆ ಫೋಟೋ ಸಿಗಲಿಲ್ಲ.

ಕೋಲ್ಕತ್ತದಲ್ಲಿ ಸಿಕ್ಕಿತು. ಮೋಹನ್ ಬಾಗಾನ್ 1889ರ ಕ್ಲಬ್. 1911ರಲ್ಲಿ ಈಸ್ಟ್ ಯಾರ್ಕ್‌ಶೈರ್ ರೆಜಿಮೆಂಟನ್ನು 2-1ರಿಂದ ಸೋಲಿಸಿ ಐಎಫ್‌ಎ ಶೀಲ್ಡ್ ಗೆದ್ದದ್ದು ಅಲ್ಲಿ ಸ್ವಾತಂತ್ರ್ಯ ಚಳವಳಿಯ ಚರಿತ್ರೆಯಲ್ಲೇ ಸೇರಿಕೊಂಡಿದೆ. 2020ರ ಜನವರಿಯಲ್ಲಿ ಈ ಕ್ಲಬ್ಬಿನ ಫುಟ್‌ಬಾಲ್ ವಿಭಾಗದ 80% ಪಾಲನ್ನು ಸಂಜೀವ್ ಗೋಯೆಂಕಾ ಅವರ ಗುಂಪು ಕೊಂಡಿತು. ಅವರ ಹಳೆಯ ತಂಡ ಎಟಿಕೆ. ಎರಡೂ ಸೇರಿ 'ಎಟಿಕೆ ಮೋಹನ್ ಬಾಗಾನ್' ಆಯಿತು. ಜೆರ್ಸಿಯ ಹಸಿರು-ಕೆಂಗಂದು ಬಣ್ಣ ಹಾಗೇ ಉಳಿಯಿತು. ಆದರೂ ಅಭಿಮಾನಿಗಳಿಗೆ ಆ ಮೂರು ಅಕ್ಷರ ಸಹಿಸಲಾಗಲಿಲ್ಲ. 'ಎಟಿಕೆ ತೆಗೆಯಿರಿ' ಎಂಬ ಕೂಗು ಎದ್ದಿತು. ಕೋವಿಡ್ ಕಾರಣಕ್ಕೆ ಎರಡು ಸೀಸನ್ ಗೋವಾದಲ್ಲೇ ನಡೆದದ್ದರಿಂದ ಕೋಲ್ಕತ್ತದವರಿಗೆ ಗ್ಯಾಲರಿಯೇ ಇರಲಿಲ್ಲ. ಕೂಗು ಮೊಬೈಲಿನಲ್ಲಿ, ಬೀದಿಯ ಬ್ಯಾನರಿನಲ್ಲಿ ಬೆಳೆಯಿತು. ತಂಡ ಗೆಲ್ಲುತ್ತಿದೆ, ಹಣ ಬರುತ್ತಿದೆ, ಹೆಸರಿಗಾಗಿ ಏಕೆ ಗಲಾಟೆ ಎಂದು ಕೇಳಿದವರೂ ಇದ್ದರು. ಕೂಗು ನಿಲ್ಲಲಿಲ್ಲ.

2023ರ ಮಾರ್ಚ್ 18, ಗೋವಾದ ಫತೋರ್ಡಾ. ಫೈನಲ್‌ನಲ್ಲಿ ಎದುರಾಳಿ ಮತ್ತೆ ಬೆಂಗಳೂರು ಎಫ್‌ಸಿ. ಆಟ 2-2, ಪೆನಾಲ್ಟಿಯಲ್ಲಿ ನಾವು 4-3ರಿಂದ ಸೋತೆವು. ಕಪ್ ಗೆದ್ದ ಕೂಡಲೇ ಗೋಯೆಂಕಾ ಅವರು ಎಟಿಕೆ ತೆಗೆಯುವುದಾಗಿ ಘೋಷಿಸಿದರು, ಮುಂದಿನ ಸೀಸನ್‌ನಿಂದ 'ಮೋಹನ್ ಬಾಗಾನ್ ಸೂಪರ್ ಜೈಂಟ್'. ಈ 'ಸೂಪರ್ ಜೈಂಟ್' ನಮ್ಮೂರಿಗೆ ಹಳೆಯ ಪರಿಚಯ. 2016 ಮತ್ತು 2017ರಲ್ಲಿ ಇದೇ ಮಾಲೀಕರ ಐಪಿಎಲ್ ತಂಡ ರೈಸಿಂಗ್ ಪುಣೆ ಸೂಪರ್‌ಜೈಂಟ್, ಮಾಮುರ್ಡಿಯ ಪಕ್ಕದ ಗಹುಂಜೆ ಮೈದಾನದಲ್ಲಿ ಆಡಿತ್ತು. ಮೊದಲಿನಿಂದಲೂ ಎರಡೇ ವರ್ಷದ ತಂಡ ಅದು, ಅವಧಿ ಮುಗಿದು ಹೋಯಿತು. ಕೋಲ್ಕತ್ತದವರು ಮಾಲೀಕರ ಒಂದು ಹೆಸರನ್ನು ಮುಂದಿನಿಂದ ತೆಗೆಸಿದರು, ಇನ್ನೊಂದು ಹಿಂದೆ ಬಂದು ಕೂತಿತು. ಆದರೂ ಗೆದ್ದವರು ಅವರೇ ಎನ್ನಬೇಕು. ಕಪ್ ಗೆದ್ದ ರಾತ್ರಿಯೂ ಮಾಲೀಕರು ಅಭಿಮಾನಿಗಳ ಬೇಡಿಕೆಗೆ ಉತ್ತರ ಕೊಡಬೇಕಾಯಿತಲ್ಲ.

ಇದಕ್ಕೆ ಸುಲಭದ ಕಾರಣ ಒಂದಿದೆ. ಮೋಹನ್ ಬಾಗಾನ್ ಮಾಲೀಕರಿಗಿಂತ ಹಳೆಯದು. ಅಜ್ಜನಿಂದ ಮೊಮ್ಮಗನಿಗೆ ಬಂದ ಆಸ್ತಿ. ಬಂಗಾಳಿ ದಿನಪತ್ರಿಕೆಗಳಿಗೆ ಅಲ್ಲಿನ ಮೈದಾನದ ಸುದ್ದಿ ಇಲ್ಲದೆ ಬೆಳಗಾಗುವುದಿಲ್ಲ, ಓದುಗ ಮತ್ತು ಅಭಿಮಾನಿ ಒಬ್ಬನೇ. ಪುಣೆಯಲ್ಲಿ ಮಾಲೀಕರೇ ಕ್ಲಬ್ಬನ್ನು ಹುಟ್ಟಿಸಿದ್ದರು. ಹುಟ್ಟಿಸಿದವನು ತೆಗೆದುಕೊಂಡು ಹೋದರೆ ಕೇಳುವವರು ಯಾರು?

ಈ ವಿವರಣೆ ನನಗೂ ಬಹುಕಾಲ ಸಾಕಾಗಿತ್ತು. ಆದರೆ ಕೇರಳ ಬ್ಲಾಸ್ಟರ್ಸ್ ಇದಕ್ಕೆ ಒಗ್ಗುವುದಿಲ್ಲ. ಆ ಕ್ಲಬ್ ಹುಟ್ಟಿದ್ದೂ 2014ರಲ್ಲಿ, ಎಫ್‌ಸಿ ಪುಣೆ ಸಿಟಿಯ ಓರಗೆ. ಅದಕ್ಕೂ 1911 ಇಲ್ಲ, ಅಜ್ಜಂದಿರ ಕಾಲದ ಕಥೆ ಇಲ್ಲ. 2024ರ ಡಿಸೆಂಬರ್ 7ರಂದು ಕಂಠೀರವದಲ್ಲಿ ಬ್ಲಾಸ್ಟರ್ಸ್ 4-2ರಿಂದ ಸೋತಿತು, ಮತ್ತೆ ಛೆತ್ರಿ ಹ್ಯಾಟ್ರಿಕ್. ಆಮೇಲೆ 'ಮಂಜಪ್ಪಡ' ಎಂಬ ಅವರ ಅಭಿಮಾನಿ ಬಳಗ ಆಡಳಿತಕ್ಕೆ ಹೇಳಿತು: ನಾವು ಇನ್ನು ಟಿಕೆಟ್ ಮಾರಾಟದಲ್ಲಿ ಕೈಜೋಡಿಸುವುದಿಲ್ಲ, ಪ್ರತಿಭಟಿಸುತ್ತೇವೆ, ತಂಡದ ಬೆಂಬಲ ಮಾತ್ರ ಬಿಡುವುದಿಲ್ಲ. ಅವರ ದೂರು ಇದ್ದದ್ದು ಕ್ಲಬ್ ನಡೆಸುವವರ ಮೇಲೆ. ಕೆಲವೇ ದಿನಗಳಲ್ಲಿ ಮನೆಗೆ ಹೋದದ್ದು ಕೋಚ್. ಸುದ್ದಿಯ ತಲೆಬರಹವೂ ಕೋಚ್ ಕಡೆಗೆ ತಿರುಗಿತು. ಸೋಲಿನ ಸಿಟ್ಟು ಎಂದು ಬರೆದರೆ ವಿಷಯ ಮುಗಿದಂತೆ. ಆದರೆ ಬಳಗ ಅಲ್ಲಿಗೆ ಬಿಡಲಿಲ್ಲ. 2025ರ ಜನವರಿಯಲ್ಲಿ ಕ್ಲಬ್ ಅಭಿಮಾನಿಗಳ ಸಲಹಾ ಮಂಡಳಿಯೊಂದನ್ನು ಪ್ರಕಟಿಸಬೇಕಾಯಿತು.

ಹಾಗಾದರೆ ವಯಸ್ಸೊಂದೇ ಕಾರಣವಲ್ಲ. ಮಂಜಪ್ಪಡದ ಕೈಯಲ್ಲಿ ಮಾಲೀಕನಿಗೆ ಬೇಕಾದ ಒಂದು ಕೆಲಸ ಇತ್ತು, ಅದನ್ನು ನಿಲ್ಲಿಸುವ ಒಗ್ಗಟ್ಟೂ ಇತ್ತು. ಎಲ್ಲರೂ ಓದುವ ಒಂದು ಭಾಷೆಯ ಪತ್ರಿಕೆ, ಟೀವಿ ಇದ್ದವು. ನಮ್ಮ ಬಾಲೇವಾಡಿಯ ಗ್ಯಾಲರಿಯಲ್ಲಿ ಮರಾಠಿ, ಮಲಯಾಳ, ಬಂಗಾಳಿ, ಹಿಂದಿ, ಕನ್ನಡ ಎಲ್ಲವೂ ಕೇಳುತ್ತಿತ್ತು. ಗೋಲಾದಾಗ ಎಲ್ಲರೂ ಒಂದೇ, ಪಂದ್ಯ ಮುಗಿದರೆ ಪ್ರತಿಯೊಬ್ಬರೂ ತಮ್ಮೂರಿನ ಪೇಪರ್ ತೆರೆಯುವವರು. ಮಲಯಾಳಿ ಗೆಳೆಯನಿಗೆ ಮನೆಯ ತಂಡ ಬ್ಲಾಸ್ಟರ್ಸ್, ನನಗೆ ಬೆಂಗಳೂರು. ಪುಣೆ ನಮಗೆಲ್ಲ ಎರಡನೆಯ ತಂಡ, ಊರು ಎರಡನೆಯ ಊರು ಇದ್ದ ಹಾಗೆ. ಎರಡನೆಯದಕ್ಕಾಗಿ ರಜೆ ಹಾಕಿ ಗೇಟಿನ ಮುಂದೆ ನಿಲ್ಲುವವರು ಕಡಿಮೆ.

ಪ್ರತಿಭಟನೆ ದೊಡ್ಡದಾದರೆ ಮಾಧ್ಯಮ ತಾನಾಗಿ ಜೊತೆಗೆ ಬರುತ್ತದೆ ಎಂದೂ ಹೇಳಲಾಗದು. 2021ರ ಏಪ್ರಿಲ್ 18ರಂದು ಯುರೋಪಿನ 12 ದೊಡ್ಡ ಕ್ಲಬ್ಬುಗಳು ಸೂಪರ್ ಲೀಗ್ ಘೋಷಿಸಿದಾಗ ಇಂಗ್ಲೆಂಡಿನ ಅಭಿಮಾನಿಗಳು ಬೀದಿಗಿಳಿದರು. ಟೀವಿ ವಿಶ್ಲೇಷಕರು ಅವರನ್ನು ಹೊಗಳಿದರು. ಎರಡೇ ದಿನದಲ್ಲಿ ಆರು ಇಂಗ್ಲಿಷ್ ಕ್ಲಬ್ಬುಗಳು ಹಿಂದೆ ಸರಿದವು. ಆ ಹೊಸ ಲೀಗಿನಿಂದ ಹಳೆಯ ಪ್ರಸಾರ ಒಪ್ಪಂದಗಳಿಗೂ ಪೆಟ್ಟು ಬೀಳುತ್ತಿತ್ತು ಎಂಬುದನ್ನು ಮರೆಯಬಾರದು. ಮೇ 2ರಂದು ಮ್ಯಾಂಚೆಸ್ಟರ್ ಯುನೈಟೆಡ್ ಅಭಿಮಾನಿಗಳು ಗ್ಲೇಜರ್ ಕುಟುಂಬದ ಒಡೆತನದ ವಿರುದ್ಧ ಓಲ್ಡ್ ಟ್ರಾಫರ್ಡ್ ಮೈದಾನಕ್ಕೆ ನುಗ್ಗಿದರು, ಲಿವರ್‌ಪೂಲ್ ಪಂದ್ಯ ಮುಂದಕ್ಕೆ ಹೋಯಿತು. ಆಗ ಅದೇ ಪರದೆಗಳಲ್ಲಿ ಪೊಲೀಸರಿಗೆ ಗಾಯ, ಎಸೆದ ಬಾಟಲಿ, ಮೀರಿದ ಗಡಿ ಎಂಬ ಮಾತುಗಳೂ ಹೆಚ್ಚಾದವು. ಹಿಂಸೆಯನ್ನು ವರದಿ ಮಾಡಲೇಬೇಕು. ಆದರೆ 2005ರಿಂದ ಕುದಿಯುತ್ತಿದ್ದ ದೂರಿಗೆ ಅಂಥ ದಿನ ಬಂದಾಗ ಮಾತ್ರ ಮುಖಪುಟ ಸಿಗುತ್ತದೆ ಎಂಬುದೂ ಅಷ್ಟೇ ನಿಜ.

ನಮ್ಮ ಕಥೆಗೆ ಹೆಚ್ಚು ಹತ್ತಿರದ್ದು ವಿಂಬಲ್ಡನ್. 2002ರ ಮೇನಲ್ಲಿ ಆ ಕ್ಲಬ್ಬನ್ನು ಮಾಲೀಕರು ಸುಮಾರು 90 ಕಿಲೋಮೀಟರ್ ದೂರದ ಮಿಲ್ಟನ್ ಕೀನ್ಸ್‌ಗೆ ಒಯ್ಯಲು ಅನುಮತಿ ಸಿಕ್ಕಿತು. ಪ್ರತಿಭಟನೆ ಸೋತಿತು. ಅಭಿಮಾನಿಗಳು ಊರಿನ ಬಯಲಿನಲ್ಲಿ ಆಟಗಾರರನ್ನು ಆರಿಸಿ ತಮ್ಮದೇ ಎಎಫ್‌ಸಿ ವಿಂಬಲ್ಡನ್ ಕಟ್ಟಿದರು. 2011ರಲ್ಲಿ ಅದು ವೃತ್ತಿಪರ ಲೀಗ್ ಮುಟ್ಟಿತು.

ನಮ್ಮಲ್ಲೂ ಅಂಥದ್ದು ಆಗಬೇಕಿತ್ತು ಎಂದು ನಾನು ಹೇಳುತ್ತಿಲ್ಲ. ನನಗೆ ಬೇಸರವಿರುವುದು ಬೇರೆ ಕಡೆ. ಪ್ರತಿಭಟನೆ ಇಲ್ಲದ ಕಡೆ ನಷ್ಟವೇ ಆಗಿಲ್ಲ ಎಂದು ದಾಖಲೆ ತಿಳಿಯುತ್ತದೆ. ನಾಳೆ ಯಾರಾದರೂ ಭಾರತೀಯ ಫುಟ್‌ಬಾಲಿನ ಚರಿತ್ರೆ ಬರೆಯಲು ಹಳೆಯ ಪೇಪರ್ ತಿರುವಿದರೆ, ಮಾಲೀಕರು ಬಂದ ದಿನ, ಹೋದ ದಿನ ಎರಡೂ ಸಿಗುತ್ತವೆ. ಮಾಮುರ್ಡಿಯಲ್ಲಿ ಬೂಟು ಕಟ್ಟಿದ ಹುಡುಗರು, ಕಿತ್ತಳೆ ಬಾವುಟ ಹೊಲಿಸಿದವರು, ಶಿಫ್ಟ್ ಬದಲಿಸಿಕೊಂಡು ಪಿಂಪ್ರಿಯಿಂದ ಬಸ್ಸಿನಲ್ಲಿ ಬಂದವರು ಸಿಗುವುದಿಲ್ಲ.

ಇದು ಪುಣೆಯ ಕಷ್ಟ ಮಾತ್ರವಲ್ಲ. 2025ರ ಜುಲೈನಲ್ಲಿ ಐಎಸ್‌ಎಲ್‌ನ ಹೊಸ ಸೀಸನ್ ತಡೆಹಿಡಿಯಲಾಯಿತು. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ತನ್ನ ಮುಖ್ಯ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ನಿಲ್ಲಿಸುವುದಾಗಿ ಪ್ರಕಟಿಸಿತು. 2013ರಲ್ಲಿ ಹುಟ್ಟಿದ ಆ ಕ್ಲಬ್ ಕೂಡ ಒಂದು ಉದ್ಯಮ ಗುಂಪಿನದೇ. ಬೆಂಗಳೂರಿನ ಫುಟ್‌ಬಾಲ್ ಅದಕ್ಕಿಂತ ಬಹಳ ಹಳೆಯದು. 1937 ಮತ್ತು 1938ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬಯಿಯಲ್ಲಿ ರೋವರ್ಸ್ ಕಪ್ ಗೆದ್ದು ಬಂದಿತ್ತು. ಆ ತಂಡದ ಹೆಸರು ನಮ್ಮಲ್ಲಿ ಎಷ್ಟು ಮಂದಿಗೆ ನೆನಪಿದೆ?

ಕಂಠೀರವದ ವೆಸ್ಟ್ ಬ್ಲಾಕ್‌ನಲ್ಲಿ ಹಾಡುವ ಗೆಳೆಯರಿಗೆ ನಾನು ಆಗಾಗ ಹೇಳುವುದು ಇಷ್ಟೆ: ಹಾಡಿನ ಜೊತೆಗೆ ಒಂದು ನೋಟ್‌ಬುಕ್ ಕೂಡ ಇಟ್ಟುಕೊಳ್ಳಿ. ಯಾವ ಪಂದ್ಯಕ್ಕೆ ಯಾವ ಬ್ಯಾನರ್ ಬರೆದಿರಿ, ಆಡಳಿತಕ್ಕೆ ಯಾವಾಗ ಪತ್ರ ಕೊಟ್ಟಿರಿ, ಏನು ಉತ್ತರ ಬಂತು, ಎಲ್ಲವನ್ನೂ ದಿನಾಂಕ ಹಾಕಿ ಬರೆದಿಡಿ. ಗೇಟಿನ ಮುಂದೆ ನಿಲ್ಲುವ ದಿನ ಬಂದರೆ ವರದಿಗಾರನ ಕೈಗೆ ಕೊಡಲು ನಿಮ್ಮದೂ ಒಂದು ಕಾಗದ ಇರಲಿ. ಬಾಲೇವಾಡಿಯಲ್ಲಿ ಅದು ನಮ್ಮ ಕೈಯಲ್ಲಿ ಇರಲಿಲ್ಲ.