ಆರೋಗ್ಯಪಚ್ಚ

ಆರೋಗ್ಯಪಚ್ಚ (ಸಸ್ಯಶಾಸ್ತ್ರೀಯ ಹೆಸರು: ಟ್ರೈಕೋಪಸ್ ಝೈಲಾನಿಕಸ್, ಉಪಪ್ರಭೇದ ಟ್ರಾವಂಕೋರಿಕಸ್) ಪಶ್ಚಿಮ ಘಟ್ಟಗಳ ದಕ್ಷಿಣ ತುದಿಯ ಅಗಸ್ತ್ಯಮಲೆ ಪ್ರದೇಶದಲ್ಲಿ ಬೆಳೆಯುವ ಒಂದು ಗಿಡ್ಡ ಮೂಲಿಕೆ. ತೊರೆಗಳ ಸಮೀಪದ ನೆರಳಿನ ನೆಲ ಇದರ ನೆಲೆ. ಹೆಸರಿನಲ್ಲಿರುವ 'ಪಚ್ಚ' ಎಂದರೆ ಹಸಿರು. ಕೇರಳದ ಕಾಣಿ ಬುಡಕಟ್ಟಿನವರಿಗೆ ಪರಿಚಿತವಾಗಿದ್ದ ಈ ಸಸ್ಯವು, ಪಾರಂಪರಿಕ ಜ್ಞಾನದಿಂದ ದೊರೆತ ಲಾಭವನ್ನು ಅದರ ಮೂಲ ಸಮುದಾಯದೊಂದಿಗೆ ಹಂಚಿಕೊಂಡ ಆರಂಭಿಕ ಒಪ್ಪಂದಗಳಲ್ಲೊಂದಕ್ಕೆ ಕಾರಣವಾಯಿತು.

ಕಾಣಿ ಸಮುದಾಯದ ಬಳಕೆ

ಕಾಣಿ ಜನರು ತಿರುವನಂತಪುರಂ ಜಿಲ್ಲೆಯ ಮತ್ತು ಅದಕ್ಕೆ ತಾಗಿದ ತಮಿಳುನಾಡಿನ ಬೆಟ್ಟಗಳಲ್ಲಿ ವಾಸಿಸುತ್ತಾರೆ. ಇವರಲ್ಲಿ ಚಿಕಿತ್ಸೆಯ ಜ್ಞಾನ ಮುಖ್ಯವಾಗಿ 'ಪ್ಲಾತಿ' ಎಂಬ ವೈದ್ಯರದು. ಆದರೆ ಕಾಡಿನ ದೀರ್ಘ ನಡಿಗೆಯಲ್ಲಿ ದಣಿವಾರಿಸಿಕೊಳ್ಳಲು ಆರೋಗ್ಯಪಚ್ಚದ ಹಣ್ಣು ತಿನ್ನುವುದು ವೈದ್ಯರಲ್ಲದವರಿಗೂ ತಿಳಿದಿತ್ತು. 1987ರಲ್ಲಿ ಡಾ. ಪಿ. ಪುಷ್ಪಾಂಗದನ್ ನೇತೃತ್ವದ ವಿಜ್ಞಾನಿಗಳ ತಂಡ ಈ ಬೆಟ್ಟಗಳಿಗೆ ಬಂದಾಗ, ದಾರಿ ತೋರಿಸುತ್ತಿದ್ದ ಕಾಣಿ ಯುವಕರು ಆಗಾಗ ಈ ಹಣ್ಣು ತಿಂದು ದಣಿಯದೆ ನಡೆಯುತ್ತಿದ್ದರು. ಅದೇನೆಂದು ಹೇಳಲು ಅವರು ಮೊದಲು ಹಿಂಜರಿದರು. ಹೊರಗಿನವರಿಗೆ ತಿಳಿಸಬಾರದೆಂಬುದು ಅವರ ನಂಬಿಕೆಯಾಗಿತ್ತು.

ಜೀವನಿ ಮತ್ತು ಲಾಭ ಹಂಚಿಕೆ

ತಿರುವನಂತಪುರಂ ಬಳಿಯ ಪಾಲೋಡಿನ ಉಷ್ಣವಲಯ ಸಸ್ಯೋದ್ಯಾನ ಮತ್ತು ಸಂಶೋಧನಾ ಸಂಸ್ಥೆಯು ಆರೋಗ್ಯಪಚ್ಚದೊಂದಿಗೆ ಅಶ್ವಗಂಧ, ಹಿಪ್ಪಲಿ ಮತ್ತು ವಿಷ್ಣುಕ್ರಾಂತಿಯನ್ನು ಸೇರಿಸಿ 'ಜೀವನಿ' ಎಂಬ ಔಷಧವನ್ನು ರೂಪಿಸಿತು. ಕಾಣಿಗಳು ತಿನ್ನುತ್ತಿದ್ದುದು ಹಣ್ಣಾದರೂ ಔಷಧಕ್ಕೆ ಬಳಸಿದ್ದು ಎಲೆಗಳನ್ನು. 1995ರಲ್ಲಿ ಕೊಯಮತ್ತೂರಿನ ಆರ್ಯ ವೈದ್ಯ ಫಾರ್ಮಸಿಗೆ 10 ಲಕ್ಷ ರೂಪಾಯಿ ಶುಲ್ಕ ಮತ್ತು ಮಾರಾಟದ ಮೇಲೆ 2% ರಾಯಧನದ ಷರತ್ತಿನೊಂದಿಗೆ ಏಳು ವರ್ಷಗಳ ತಯಾರಿಕಾ ಪರವಾನಗಿ ನೀಡಲಾಯಿತು. ಇವೆರಡರ ಅರ್ಧಭಾಗ ಕಾಣಿಗಳಿಗೆ ಸೇರಬೇಕೆಂದು ಸಂಸ್ಥೆ ನಿರ್ಧರಿಸಿತು. ಭಾರತದ ಜೀವವೈವಿಧ್ಯ ಕಾಯ್ದೆ ಬಂದದ್ದು 2002ರಲ್ಲಿ. ಆದ್ದರಿಂದ ಹೀಗೆ ಹಂಚುವಂತೆ ಆ ಕಾಯ್ದೆಯ ಒತ್ತಾಯವೇನೂ ಆಗ ಇರಲಿಲ್ಲ. ಹಣ ಸ್ವೀಕರಿಸಲು 1997ರಲ್ಲಿ ಕೇರಳ ಕಾಣಿ ಸಮುದಾಯ ಕ್ಷೇಮ ಟ್ರಸ್ಟ್ ನೋಂದಣಿಯಾಯಿತು. 1999ರಲ್ಲಿ 5 ಲಕ್ಷ ರೂಪಾಯಿಗಿಂತ ತುಸು ಹೆಚ್ಚಿನ ಮೊತ್ತ ಅದಕ್ಕೆ ಸಂದಾಯವಾಯಿತು.

ಆಕ್ಷೇಪಗಳು

ಒಪ್ಪಂದದ ದುರ್ಬಲ ಅಂಶವೆಂದರೆ, ಪರವಾನಗಿ ನೀಡುವ ಮೊದಲು ಇಡೀ ಸಮುದಾಯದ ಒಪ್ಪಿಗೆ ಪಡೆದಿರಲಿಲ್ಲ. ಕುಟ್ಟಿಚ್ಚಲ್ ಭಾಗದ ಕಾಣಿಗಳು ಯೋಜನೆಯೊಂದಿಗೆ ನಿಕಟವಾಗಿದ್ದರೆ, ಇತರ ನೆಲೆಗಳ ಹಲವರು ದೂರ ಉಳಿದರು. ತಮ್ಮ ಜ್ಞಾನವನ್ನು ಖಾಸಗಿ ಕಂಪನಿಗೆ ಮಾರಲಾಗಿದೆ ಎಂದು ಕೆಲವು ಪ್ಲಾತಿಗಳು ವಿರೋಧಿಸಿದರು. ಎಲೆಗಳ ಪೂರೈಕೆಯೂ ತೊಡಕಾಯಿತು. ಸಹಜ ಆವಾಸದ ಹೊರಗೆ ಬೆಳೆಸಿದ ಗಿಡದಲ್ಲಿ ಔಷಧೀಯ ಗುಣ ಕುಂದುತ್ತದೆ ಎಂದು ಕಂಡುಬಂದಿತ್ತು. ಕಾಡಿನೊಳಗಿನ ಸಂಗ್ರಹಣೆ ಹೆಚ್ಚಿದರೆ ಸಸ್ಯವೇ ಅಳಿದೀತೆಂದು ಅರಣ್ಯ ಇಲಾಖೆ ನಿರ್ಬಂಧ ಹೇರಿತು.